ಹೆಡತಲೆಯ ಮೂರನೇ ಸಾಲು

ಬೆಳಗಿನ ಊಟದ ನಡುವೆ ಕಿಹ್ವಾನ್ ಚಮಚ ಕೆಳಗಿಟ್ಟ. "ನಿನ್ನೆ ಯೊಂಗ್‌ನಾನ್ ಫೋನ್ ಮಾಡಿದ್ಲು. ನವೆಂಬರ್ ಮುಗಿಯೋ ಹೊತ್ತಿಗೆ ಬಂದು ಲೈಸೆನ್ಸು ತಗೊಂಡು ಹೋಗ್ತಾಳಂತೆ."

ಅತ್ತೆಯ ಬಟ್ಟಲಿಗೆ ಮೂಲಂಗಿ ಸೊಪ್ಪಿನ ಸಾರು ಬಡಿಸುತ್ತಿದ್ದ ಹೆಂಡತಿ ಚುನ್‌ಹೀ ಸೌಟನ್ನು ಹಾಗೇ ಹಿಡಿದುಕೊಂಡಳು.

"ಯಾಕಂತೆ?" ಎಂದಳು ಅತ್ತೆ ಮಾಲ್‌ಸೂನ್.

"ಇಂಚೋನ್‌ನಲ್ಲಿ ಸ್ವಂತ ಪಾರ್ಲರ್ ತೆರೀತಾಳಂತಮ್ಮ. ಅವಳ ಲೈಸೆನ್ಸು, ಅವಳು ಕೇಳ್ತಾಳೆ. ತಂಗಿಗೆ ಬೇಡ ಅನ್ನೋಕಾಗುತ್ತಾ?"

ಸಾಂಗ್ಜು ಪಟ್ಟಣದ ಹಳೇ ಸಂತೆಬೀದಿಯಲ್ಲಿದ್ದ ಆ ಮನೆಯ ಮುಂಗೋಣೆಯೇ ಪಾರ್ಲರ್. ಎರಡು ಕುರ್ಚಿ, ಒಂದು ಸ್ಟೌವ್, ಅದರ ಮೇಲೆ ಸದಾ ಕುದಿಯುವ ಬಾರ್ಲಿ ನೀರಿನ ಕೆಟಲ್. ಕನ್ನಡಿಯ ಮೇಲ್ಗಡೆ ಗಾಜಿನ ಚೌಕಟ್ಟಿನಲ್ಲಿ ಯೊಂಗ್‌ನಾನಳ ಲೈಸೆನ್ಸು. ಪಾರ್ಲರ್ ತೆರೆದ ಮರುವರ್ಷವೇ ಅವಳು ಮದುವೆಯಾಗಿ ಹೋಗಿದ್ದಳು. ಅಂದಿನಿಂದ ಇಪ್ಪತ್ತೊಂದು ವರ್ಷ ಕತ್ತರಿ ಆಡಿಸಿದ್ದು ಅತ್ತಿಗೆ ಚುನ್‌ಹೀ. ಕಚೇರಿಯಿಂದ ಯಾರಾದರೂ ತಪಾಸಣೆಗೆ ಬಂದರೆ, "ಯೊಂಗ್‌ನಾನ್ ಊಟಕ್ಕೆ ಹೋಗಿದ್ದಾಳೆ" ಎನ್ನುವುದು ವಾಡಿಕೆಯಾಗಿತ್ತು. ಇಪ್ಪತ್ತೊಂದು ವರ್ಷದಿಂದ ಯೊಂಗ್‌ನಾನ್ ಊಟ ಮಾಡುತ್ತಲೇ ಇದ್ದಳು.

"ಅದಕ್ಕೇನು ತಲೆ ಕೆಡಿಸ್ಕೊಳ್ಳೋದು? ಮನೇಲೇ ಇನ್ನೊಂದು ಲೈಸೆನ್ಸು ಇದೆಯಲ್ಲ," ಎಂದು ಕಿಹ್ವಾನ್ ಮಗಳ ಕಡೆ ನೋಡಿದ. "ದಾಸೊಮ್ ಹೆಸರು ಹಾಕಿದ್ರೆ ಮುಗೀತು."

ಇಪ್ಪತ್ತನಾಲ್ಕರ ದಾಸೊಮ್ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದಳು: "ಒಂದು ಲೈಸೆನ್ಸಿಗೆ ಒಂದೇ ಅಂಗಡಿ ಅಪ್ಪ. ನನ್ನ ಹೆಸರು ಆ ಗೋಡೆ ಮೇಲೆ ಹೋದ್ರೆ ನಾನೂ ಆ ಗೋಡೆಗೇ. ನಾನು ಬುಸಾನ್‌ಗೆ ಹೋಗಬೇಕು ಅಂತ ಎಷ್ಟು ಸಲ ಹೇಳಿದೀನಿ?"

"ಬುಸಾನ್‌ನಲ್ಲಿ ಬೇರೆಯವರ ಅಂಗಡಿ ನೆಲ ಗುಡಿಸೋಕೆ ಹೋಗ್ಬೇಕಾ?"

"ಇಲ್ಲೇ ಇರ್ಲಿ ಬಿಡು," ಎಂದಳು ಮಾಲ್‌ಸೂನ್. "ಹೆಣ್ಣುಮಗು ಕಣ್ಣೆದುರಿಗಿದ್ರೆ ನಂಗೂ ಸಮಾಧಾನ."

"ಅಜ್ಜಿ, ನಿನ್ನ ಸಮಾಧಾನಕ್ಕೆ ನಾನು ಮುದುಕಿ ಆಗೋವರೆಗೂ ಮುದುಕಿಯರ ಕೂದಲು ಸುತ್ತಬೇಕಾ?"

"ಬಾಯಿ ನೋಡು ಇದರದ್ದು!"

ಚುನ್‌ಹೀ ಸೌಟನ್ನು ಪಾತ್ರೆಗೆ ಬಿಟ್ಟಳು. "ನಾನು ಪರೀಕ್ಷೆಗೆ ಕೂರ್ತೀನಿ. ಬರಹದ ಪರೀಕ್ಷೆ ಪಾಸಾಗಿದೆ. ಕೈಕೆಲಸದ್ದು ಒಂದೇ ಬಾಕಿ. ನವೆಂಬರ್ ನಡುವೆ ದೇಗುನಲ್ಲಿ ಇದೆ."

ಕಿಹ್ವಾನ್ ನಕ್ಕ. "ಹೋದ ವಸಂತದಲ್ಲಿ ಎಷ್ಟು ಬಂದಿತ್ತು?"

"ನಲವತ್ತೊಂದು."

"ಬೇಕಾದ್ದು?"

"ಅರವತ್ತು," ಎಂದು ಚುನ್‌ಹೀ ಎದ್ದು ಬಟ್ಟಲುಗಳನ್ನು ಒಟ್ಟುಮಾಡತೊಡಗಿದಳು. "ನಾನು ಪಾಸಾದ್ರೆ ಅಂಗಡಿ ನನ್ನ ಹೆಸರಲ್ಲಿ. ದಾಸೊಮ್ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ಲಿ. ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ ಮಾಡಿ."

ದಾಸೊಮ್ ಅಮ್ಮನ ಮುಖವನ್ನೊಮ್ಮೆ ನೋಡಿ ತಟ್ಟೆಯತ್ತ ಕಣ್ಣು ತಿರುಗಿಸಿದಳು.

*

ಐವತ್ತಮೂರು ವರ್ಷದ ಚುನ್‌ಹೀಗೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ. ಬಂದದ್ದೇ ತೊಡಕಾಗಿತ್ತು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಕೂದಲು ಬಿಡಿಸುವುದು ಅವಳ ಮೂವತ್ತು ವರ್ಷದ ರೂಢಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಳೆಯುತ್ತಾರೆ. ತಲೆ ತೊಳೆಯುವಾಗ, "ನೀರು ಬಿಸಿ ಜಾಸ್ತಿ ಆಯ್ತಾ?" ಎಂದು ಕೇಳದೆ ಅವಳು ಯಾರ ತಲೆಗೂ ನೀರು ಬಿಟ್ಟವಳಲ್ಲ. ವಸಂತದ ಪರೀಕ್ಷೆಯಲ್ಲಿ, ಗಿರಾಕಿಯ ಬದಲಿಗೆ ಇಡುವ ಗೊಂಬೆತಲೆಗೂ ಅದನ್ನೇ ಕೇಳಿದ್ದಳು. ಪಕ್ಕದ ಹುಡುಗಿ ಕಿಸಕ್ಕೆಂದಿದ್ದಳು. ಪರೀಕ್ಷಕಿ ಏನೋ ಬರೆದುಕೊಂಡಿದ್ದಳು.

ಎಲ್ಲಕ್ಕಿಂತ ಕಷ್ಟದ್ದು ಪರ್ಮ್, ಕೂದಲು ಗುಂಗುರು ಮಾಡುವುದು. ಮೂವತ್ತೈದು ನಿಮಿಷದಲ್ಲಿ ಐವತ್ತೈದು ಪ್ಲಾಸ್ಟಿಕ್ ಕಡ್ಡಿಗಳಿಗೆ ಕೂದಲು ಸುತ್ತಿ, ಒಂದೊಂದಕ್ಕೂ ರಬ್ಬರ್ ಬಿಗಿದು ಮುಗಿಸಬೇಕು. ಸಾಲುಗಳು ಅಳತೆಪಟ್ಟಿ ಇಟ್ಟು ಎಳೆದಂತಿರಬೇಕು.

"ಮೂವತ್ತೈದಾಯ್ತು. ಕೈ ಎತ್ತು," ಎಂದಳು ದಾಸೊಮ್, ಅಭ್ಯಾಸದ ಹಳೇ ಗೊಂಬೆತಲೆಯ ಪಕ್ಕ ಗಡಿಯಾರ ಹಿಡಿದು ನಿಂತು.

"ಇನ್ನು ನಾಲ್ಕೇ ಉಳಿದಿದೆ ಕಣೇ."

"ನಾಲ್ಕು ಉಳಿದ್ರೆ ಫೇಲು. ಎಲ್ಲಿ ನಿಂತಿತು ನೋಡು, ಮತ್ತೆ ಅಲ್ಲೇ! ಹೆಡತಲೆ, ಬಲಗಡೆ, ಮೂರನೇ ಸಾಲು. ಹೆಬ್ಬೆರಳು ಯಾಕಮ್ಮ ಹಾಗೆ ಜಾರುತ್ತೆ?"

ಚುನ್‌ಹೀ ಬಲಗೈ ಹೆಬ್ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಮೂವತ್ತು ವರ್ಷ ಕತ್ತರಿ ಹಿಡಿದ ಬೆರಳು. ಈಗ ಪರ್ಸಿಮನ್ ಹಣ್ಣಿನ ಕಾಲ ಬೇರೆ. ದಿನಾ ಸಂಜೆ ಎರಡು ಬುಟ್ಟಿ ಹಣ್ಣಿನ ಸಿಪ್ಪೆ ಹೆರೆದು ಸೂರಿನ ಕೆಳಗೆ ಒಣಗಲು ತೂಗುಹಾಕಬೇಕು. ಹೆಡತಲೆಯ ಗಟ್ಟಿ ಕೂದಲಿಗೆ ಬರುವ ಹೊತ್ತಿಗೆ ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು.

ಬಾಗಿಲ ಬಳಿ ಹಣ್ಣು ಹೆರೆಯುತ್ತ ಕೂತಿದ್ದ ಮಾಲ್‌ಸೂನ್ ಎಡಗೈಯ ಚಾಕು ಎತ್ತಿ ತೋರಿಸಿದಳು. "ಎಡಗೈಲಿ ಸುತ್ತೇ. ನಾನು ಕಲಿಸಿದ್ದು ಹಾಗೇ ಅಲ್ವಾ? ಬಲಗೈ ಯಾವಾಗಿಂದ ಬಂತು?"

"ಎಡಗೈಲಿ ಸುತ್ತಿದ್ರೆ ಸಾಲು ಓರೆ ಆಗುತ್ತಜ್ಜಿ," ಎಂದಳು ದಾಸೊಮ್. "ನಿನ್ನ ಕಾಲದಲ್ಲಿ ತಲೆ ಗುಂಗುರಾದ್ರೆ ಸಾಕಿತ್ತು. ಇಲ್ಲಿ ಸಾಲು ನೋಡ್ತಾರೆ."

"ನನ್ನ ಕಾಲದಲ್ಲಿ ಒಂದು ಪರ್ಮ್ ಆರು ತಿಂಗಳು ನಿಲ್ತಿತ್ತು. ಕತ್ತರಿ, ಕಡ್ಡಿ ಗಂಟು ಕಟ್ಟಿ ತಲೆ ಮೇಲೆ ಹೊತ್ಕೊಂಡು ಹದಿನೆಂಟು ಹಳ್ಳಿ ಸುತ್ತಿದವಳು ನಾನು. ಓರೆ ಅಂತ ಯಾವ ತಲೆಯೂ ಹೇಳ್ಲಿಲ್ಲ."

"ಹಳ್ಳಿಗೊಂದು ಕನ್ನಡಿ ಇರ್ಲಿಲ್ಲ, ಅದಕ್ಕೆ."

"ದಾಸೊಮ್!" ಎಂದಳು ಚುನ್‌ಹೀ. ಆಮೇಲೆ ಅತ್ತೆಯ ಕಡೆ ತಿರುಗಿ, ಮೆತ್ತಗೆ ಹೇಳಬೇಕೆಂದುಕೊಂಡದ್ದು ದಣಿವಿಗೆ ಬಿರುಸಾಗಿಯೇ ಬಂತು: "ಅತ್ತೆ, ಮೂವತ್ತು ವರ್ಷ ನೀವು ಹೇಳಿದ ಹಾಗೇ ಸುತ್ತಿದೀನಿ. ಮೂರು ವಾರ ಇವಳು ಹೇಳಿದ ಹಾಗೆ ಸುತ್ತೋಕೆ ಬಿಡಿ."

ಮಾಲ್‌ಸೂನ್ ಚಾಕು ಒರೆಸಿ ಬುಟ್ಟಿಯಲ್ಲಿಟ್ಟು ಒಳಗೆ ಹೋದಳು. ಮರುದಿನದಿಂದ ಅಭ್ಯಾಸದ ಹೊತ್ತಿಗೆ ಅವಳು ಪಾರ್ಲರಿಗೆ ಬರಲಿಲ್ಲ. ಒಳಕೋಣೆಯ ಬೆಚ್ಚನೆಯ ನೆಲದ ಮೇಲೆ ಇತ್ತ ಮುಖ ಮಾಡಿ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದಳು. ಬಾಗಿಲು ಮಾತ್ರ ಒಂದು ಗೇಣು ತೆರೆದಿರುತ್ತಿತ್ತು. ಮುಚ್ಚಲು ಹೋದರೆ "ಗಾಳಿ ಬೇಕು" ಎನ್ನುತ್ತಿದ್ದಳು.

*

ಸಂತೆಯ ದಿನ ಪಾರ್ಲರ್ ತುಂಬಿತು. ಚುನ್‌ಹೀ ಪರೀಕ್ಷೆಗೆ ಕೂರುವ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಗಿರಾಕಿಗಳು ತಲೆತುಂಬ ಕಡ್ಡಿ ಸುತ್ತಿಸಿಕೊಂಡು, ಮೇಲೊಂದು ಟವೆಲ್ ಬಿಗಿದುಕೊಂಡು, ಸ್ಟೌವಿನ ಸುತ್ತ ಕೂತು ಸುಟ್ಟ ಗೆಣಸು ತಿನ್ನುತ್ತಿದ್ದರು. ಒಬ್ಬಳು, ಮಿಠಾಯಿಯಂತೆ ಗೆಲುವೂ ಅಂಟಿಕೊಳ್ಳಲೆಂದು, ಅಂಟುಮಿಠಾಯಿ ತಂದಿದ್ದಳು.

"ಚುನ್‌ಹೀ, ನೀನು ಇಷ್ಟು ದಿನ ಲೈಸೆನ್ಸು ಇಲ್ಲದೆ ನನ್ನ ತಲೆ ಕತ್ತರಿಸ್ತಿದ್ಯಾ? ಪೊಲೀಸರಿಗೆ ಹೇಳ್ತೀನಿ ಇರು!"

"ಹೇಳಿ ಅಕ್ಕ. ಅರ್ಧ ಕತ್ತರಿಸಿ ಬಿಟ್ಬಿಡ್ತೀನಿ, ಸಾಕ್ಷಿಗಿರ್ಲಿ."

ಎಲ್ಲರೂ ನಕ್ಕರು. ಬೆನ್ನು ಬಾಗಿದ ಮುದುಕಿಯೊಬ್ಬಳು ಒಳಬಾಗಿಲಿನ ಕಡೆ ಕತ್ತು ಚಾಚಿ ಕೂಗಿದಳು: "ಮಾಲ್‌ಸೂನಕ್ಕಾ, ನನ್ನ ಮದುವೆ ನೆನಪಿದ್ಯಾ? ಹಿಂದಿನ ದಿನವೇ ಬಂದು ನನ್ನ ತಲೆ ತೊಳೆದು, ಹೆಡತಲೆ ಕೂದಲು ಕತ್ತರಿಸಿ ಹಗುರ ಮಾಡಿ ಹೋಗಿದ್ದೆ. ಇಲ್ಲದಿದ್ರೆ ಈ ಬಿರುಸು ಕೂದಲಿಗೆ ಕಿರೀಟ ಕೂರ್ತಿತ್ತಾ?"

"ಮದುವೆ ತಲೆ ಹಿಂದಿನ ದಿನವೇ ಪಳಗಿಸಬೇಕು," ಎಂಬ ಉತ್ತರ ಒಳಗಿನಿಂದ ಬಂತು. "ಆ ದಿನ ಮುಟ್ಟಿದ್ರೆ ಮಾತು ಕೇಳಲ್ಲ."

ಬಹಳ ದಿನದ ಮೇಲೆ ಅತ್ತೆಯ ದನಿಯಲ್ಲಿ ಗೆಲುವು ಕೇಳಿ ಚುನ್‌ಹೀಗೆ ಸಮಾಧಾನವಾಯಿತು. ಮಾತಿನ ಕಡೆ ಅವಳು ಗಮನ ಕೊಡಲಿಲ್ಲ. ಕೈಯಲ್ಲಿದ್ದ ತಲೆಯ ಮೂರನೇ ಸಾಲಿನಲ್ಲಿ ಹೆಬ್ಬೆರಳು ಮತ್ತೆ ಜಾರಿತ್ತು.

*

ಪರೀಕ್ಷೆಯ ಹಿಂದಿನ ಸಂಜೆ ಅಕ್ಕಿ ಒಲೆಯ ಮೇಲಿತ್ತು. ಚುನ್‌ಹೀ ಪಟ್ಟಿ ಓದುತ್ತಿದ್ದಳು, ದಾಸೊಮ್ ಒಂದೊಂದನ್ನೇ ಪೆಟ್ಟಿಗೆಗೆ ಇಡುತ್ತಿದ್ದಳು.

"ಬಿಳಿ ಕೋಟು."

"ಇದೆ. ಮೇಲೆ ಹೆಸರು ಇಲ್ಲ ತಾನೇ? ಗುರುತು ಏನೂ ಇರಬಾರದು."

"ಇಲ್ಲ. ಟವೆಲ್ ಆರು. ಕಡ್ಡಿ, ರಬ್ಬರ್, ಕಾಗದ."

"ಇದೆ. ಉಂಗುರ ತೆಗಿ, ಈಗಲೇ. ಬೆಳಿಗ್ಗೆ ಬೆರಳು ಊದಿರುತ್ತೆ."

"ಗೊಂಬೆತಲೆ."

ಪರೀಕ್ಷೆಗೆಂದೇ ತರಿಸಿದ್ದ ಹೊಸ ಗೊಂಬೆತಲೆಯ ಡಬ್ಬಿ ಬೀರುವಿನ ಮೇಲಿತ್ತು. ದಾಸೊಮ್ ಮುಚ್ಚಳ ತೆಗೆದಳು. ಕೈ ಅಲ್ಲೇ ನಿಂತಿತು.

ಕೂದಲು ನೀಟಾಗಿ ಬಾಚಿದಂತಿತ್ತು. ಸೋಪಿನ ವಾಸನೆ ಬರುತ್ತಿತ್ತು. ದಾಸೊಮ್ ಹೆಡತಲೆಯ ಕೂದಲನ್ನು ಎತ್ತಿ ಬೆಳಕಿಗೆ ಹಿಡಿದಳು. "ಅಮ್ಮ, ಯಾರೋ ಕತ್ತರಿ ಹಾಕಿದಾರೆ."

ಮುಂಚೆಯೇ ಕತ್ತರಿ ಬಿದ್ದ ತಲೆ ತಂದವರನ್ನು ಪರೀಕ್ಷೆಯಿಂದ ಹೊರಗೆ ಕಳಿಸುತ್ತಾರೆ. ಅದು ನಿಯಮಪತ್ರದ ಮೊದಲ ಪುಟದಲ್ಲೇ ಇತ್ತು. ಮನೆಯಲ್ಲಿ ಆ ಪತ್ರ ಓದಲಾರದವಳು ಒಬ್ಬಳೇ. ಓದಲು ಬಾರದ್ದಕ್ಕೇ ಅವಳು ಯಾವ ಪರೀಕ್ಷೆಗೂ ಕೂತವಳಲ್ಲ.

"ಅಜ್ಜೀ!"

ಮಾಲ್‌ಸೂನ್ ಬಾಗಿಲಿಗೆ ಬಂದು ನಿಂತಳು.

"ಇದನ್ನ ಮುಟ್ಟಿದ್ದು ನೀನಾ?"

"ಮಧ್ಯಾಹ್ನ ನೀವು ಮಾರ್ಕೆಟ್ಟಿಗೆ ಹೋದಾಗ. ಯಾಕೆ?"

"ಯಾಕಾ? ಇದನ್ನ ತಗೊಂಡು ಹೋದ್ರೆ ಅಮ್ಮನ್ನ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ! ನಾಳೆ ಏಳೂವರೆಗೆ ಅಲ್ಲಿರಬೇಕು. ಇಷ್ಟೊತ್ತಿಗೆ ಯಾವ ಅಂಗಡಿ ತೆರೆದಿರುತ್ತೆ?" ದಾಸೊಮಳ ದನಿ ಒಡೆಯಿತು. "ನಾನು ಹೋಗಬಾರದು ಅಂತ ಮಾಡಿದ್ದು ನೀನು. ಕಣ್ಣೆದುರಿಗೆ ಇರ್ಲಿ ಅಂತ ಅವತ್ತೇ ಹೇಳಿದ್ಯಲ್ಲ."

ಮಾಲ್‌ಸೂನಳ ಮುಖ ಬಿಳಿಚಿತು. ಅವಳು ಗೊಂಬೆತಲೆಯನ್ನೂ ಸೊಸೆಯನ್ನೂ ನೋಡಿದಳು.

"ಹಾಗೇ ಅನ್ಕೋ," ಎಂದು ಒಳಗೆ ಹೋಗಿ, ಗೇಣು ತೆರೆದಿರುತ್ತಿದ್ದ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡಳು.

ದಿನದ ಬಾಡಿಗೆ ಮುಗಿಸಿ, ಟ್ಯಾಕ್ಸಿ ನಿಲ್ಲಿಸಿ ಆಗ ತಾನೇ ಒಳಬಂದಿದ್ದ ಕಿಹ್ವಾನ್, "ಸರಿ ಬಿಡಿ, ಆಗಿದ್ದಾಯ್ತು. ದಾಸೊಮ್ ಹೆಸರೇ ಹಾಕೋಣ," ಎಂದ.

"ಸುಮ್ನಿರ್ರೀ," ಎಂದಳು ಚುನ್‌ಹೀ.

ಅವಳು ಗೊಂಬೆತಲೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಬಾಚಣಿಗೆಯ ಬಾಲದಿಂದ ಕೂದಲನ್ನು ಪದರ ಪದರವಾಗಿ ಎತ್ತಿ ನೋಡತೊಡಗಿದಳು. ಕತ್ತರಿಸಿದವರ ಕೈ ಕೂದಲಿನಲ್ಲಿ ಉಳಿದಿರುತ್ತದೆ. ಮೇಲಿನ ಪದರ ಹಾಗೇ ಇತ್ತು. ಕಿವಿಯ ಪಕ್ಕ ಹಾಗೇ ಇತ್ತು. ಎಡಭಾಗದ ಹೆಡತಲೆಯಲ್ಲಿ ಒಂದೆಳೆಗೂ ಕತ್ತರಿ ಸೋಕಿರಲಿಲ್ಲ. ಬಲಭಾಗದಲ್ಲಿ, ಎರಡು ಬೆರಳಿನಗಲದ ಒಂದೇ ಒಂದು ಪಟ್ಟಿಯಲ್ಲಿ, ಒಳಗಿನಿಂದ ಮೂರಕ್ಕೊಂದು ಎಳೆಯಂತೆ ಕೂದಲು ಹಗುರಾಗಿತ್ತು.

"ದಾಸೊಮ್, ಇಲ್ಲಿ ನೋಡು."

"ನೋಡೋದೇನಿದೆ?"

"ನೋಡೇ. ಇದು ಎಷ್ಟನೇ ಸಾಲು?"

ದಾಸೊಮ್ ಬಗ್ಗಿ ಬೆರಳಿಟ್ಟು ಎಣಿಸಿದಳು. "ಮೂರನೇದು."

"ನನ್ನ ಬೆರಳು ಸೋಲೋ ಜಾಗ ಅವರಿಗೆ ಯಾರು ಹೇಳಿದ್ರು? ಇಷ್ಟು ದಿನ ಅವರು ಮಲಗಿರ್ಲಿಲ್ಲ ಕಣೇ. ನೋಡ್ತಿದ್ರು." ಚುನ್‌ಹೀಯ ಕೈ ಗೊಂಬೆತಲೆಯ ನೆತ್ತಿ ಸವರಿತು. "ಮದುವೆ ಹಿಂದಿನ ದಿನ ಹೆಣ್ಣಿನ ತಲೆಗೆ ಮಾಡೋದನ್ನೇ ಇದಕ್ಕೂ ಮಾಡಿದಾರೆ."

ಅಡುಗೆಮನೆಯಿಂದ ಅನ್ನ ಸೀದ ವಾಸನೆ ಬಂತು. ಕಿಹ್ವಾನ್ ಓಡಿ ಹೋಗಿ ಒಲೆ ಆರಿಸಿದ. ಅವನು ತಿರುಗಿ ಬರುವಷ್ಟರಲ್ಲಿ ದಾಸೊಮ್ ತನ್ನ ಕೋಣೆಯಿಂದ ಇನ್ನೊಂದು ಡಬ್ಬಿ ತಂದು ಅಮ್ಮನ ಮುಂದಿಟ್ಟಿದ್ದಳು. ಸೀಲು ಒಡೆಯದ ಹೊಸ ಗೊಂಬೆತಲೆ.

"ಇದೆಲ್ಲಿತ್ತು?" ಎಂದ ಕಿಹ್ವಾನ್.

"ಸೂಟ್‌ಕೇಸಲ್ಲಿ."

"ಯಾವ ಸೂಟ್‌ಕೇಸು?"

ದಾಸೊಮ್ ನೆಲ ನೋಡಿದಳು. "ಡಿಸೆಂಬರ್ ಒಂದಕ್ಕೆ ಬುಸಾನ್‌ನಲ್ಲಿ ಕೆಲಸಕ್ಕೆ ಸೇರಬೇಕು. ಮೊದಲ ವಾರವೇ ಅಲ್ಲಿ ಕೈ ಪರೀಕ್ಷೆ ಮಾಡ್ತಾರೆ. ಅದಕ್ಕೆ ತಗೊಂಡಿದ್ದೆ."

"ಅಂದ್ರೆ ನಿಮ್ಮಮ್ಮ ಪಾಸಾದ್ರೂ ಆಗದಿದ್ರೂ ನೀನು ಹೊರಟವಳೇ?"

"ಹೂಂ."

"ಎಲ್ಲಾ ನಿರ್ಧಾರ ಮಾಡ್ಕೊಂಡು, ಇಷ್ಟು ದಿನ ನಮ್ಮ ಜೊತೆ ಕೂತು ಅನ್ನ ತಿಂದ್ಯಾ?"

"ಏನ್ ಮಾಡ್ಬೇಕಿತ್ತು, ಉಪವಾಸ ಇರ್ಬೇಕಿತ್ತಾ?"

ಕಿಹ್ವಾನ್ ಕೈ ಎತ್ತಿದವನು ಆ ಕೈಯಿಂದ ತನ್ನ ಟೋಪಿ ತೆಗೆದು ನೆಲಕ್ಕೆ ಬಡಿದು ಹೊರಗೆ ಹೋದ. ಟ್ಯಾಕ್ಸಿಯ ಬಾಗಿಲು ಧಡಾರೆಂದಿತು. ಎಂಜಿನ್ ಸದ್ದು ಬರಲಿಲ್ಲ.

"ನನಗಾದ್ರೂ ಹೇಳಬಹುದಿತ್ತು," ಎಂದಳು ಚುನ್‌ಹೀ.

"ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ. ನನ್ನ ಕಳಿಸೋಕೆ ಅಂತಲೇ ಕಲೀತಿದ್ದೆ ನೀನು. ಹೇಗಿದ್ರೂ ಹೋಗ್ತಾಳೆ ಅಂತ ಗೊತ್ತಾದ್ರೆ, ಬಾಗಿಲು ಹಾಕಿ ಹಣ್ಣು ಹೆರೀತಾ ಕೂತ್ಕೊಳ್ತಿದ್ದೆ."

ಅದು ಸುಳ್ಳಲ್ಲವೆಂದು ಚುನ್‌ಹೀಗೂ ಗೊತ್ತಿತ್ತು.

ಸೀದ ಭಾಗ ಬಿಟ್ಟು ಮೇಲಿನ ಅನ್ನ, ಸಾರು, ಎಲೆಕೋಸಿನ ಕಿಮ್ಚಿ ಇಟ್ಟುಕೊಂಡು ಅವಳು ಅತ್ತೆಯ ಕೋಣೆಗೆ ಹೋದಳು. ಮಾಲ್‌ಸೂನ್ ಗೋಡೆಗೊರಗಿ ಕೂತಿದ್ದಳು.

"ತಲೆ ಹಾಳು ಮಾಡಿದೆನಂತಲ್ಲ."

"ಬೇರೆ ಸಿಕ್ತು ಅತ್ತೆ. ಊಟ ಮಾಡಿ."

"ಹೊಸದು ಬಿರುಸಿರುತ್ತೆ."

"ಗೊತ್ತು."

"ಹೆಬ್ಬೆರಳು ಸೋತ್ರೆ?"

ಚುನ್‌ಹೀ ಅನ್ನದ ಬಟ್ಟಲನ್ನು ಅತ್ತೆಯ ಮುಂದೆ ಸರಿಸಿದಳು.

ಮಾಲ್‌ಸೂನ್ ಚಮಚವನ್ನು ಎಡಗೈಗೆ ತೆಗೆದುಕೊಂಡಳು. "ಆ ನಿಯಮದಲ್ಲಿ, ಯಾವ ಕೈ ಅಂತ ಬರೆದಿದ್ಯಾ?"

"ಇಲ್ಲ. ಅದನ್ನ ಬರೆದಿಲ್ಲ."

"ಹಾಗಿದ್ರೆ ಸರಿ," ಎಂದು ಮಾಲ್‌ಸೂನ್ ಸಾರಿಗೆ ಅನ್ನ ಸುರಿದುಕೊಂಡಳು.

*

ಬೆಳಿಗ್ಗೆ ಐದೂವರೆಗೆ ಕಿಹ್ವಾನ್ ಎಂಜಿನ್ ಬಿಸಿ ಮಾಡಿಕೊಂಡು ಕಾದಿದ್ದ. ಏಳರ ಹೊತ್ತಿಗೆ ದೇಗು ತಲುಪಿಸಿದ. ಪರೀಕ್ಷಾ ಕೇಂದ್ರದ ಮುಂದೆ ಪೆಟ್ಟಿಗೆ ಇಳಿಸಿಕೊಟ್ಟು, "ವಾಪಸ್ ಬರೋಕೂ ಟ್ಯಾಕ್ಸಿ ಇಲ್ಲೇ ಇರುತ್ತೆ. ಬಾಡಿಗೆ ಪಾಸಾದ್ಮೇಲೆ ಕೊಡು," ಎಂದ.

ಒಳಗೆ ಸಾಲಾಗಿ ನಿಂತವರಲ್ಲಿ ಹೆಚ್ಚಿನವರು ಹುಡುಗಿಯರು. ಮೊದಲಿಗೆ ತಲೆ ತೊಳೆಯುವುದು. ಚುನ್‌ಹೀ ನೀರನ್ನು ಮಣಿಕಟ್ಟಿಗೆ ಬಿಟ್ಟು ನೋಡಿ, ಗೊಂಬೆಯ ಹಣೆಗೆ ಅಂಗೈ ಅಡ್ಡ ಹಿಡಿದು, ಬಾಯಿ ತೆರೆದಳು. ಪರೀಕ್ಷಕಿ ಎರಡು ಹೆಜ್ಜೆ ದೂರದಲ್ಲಿದ್ದಳು. ಚುನ್‌ಹೀ ಬಾಯಿ ಮುಚ್ಚಿಕೊಂಡಳು. ಕತ್ತರಿಸುವುದೂ ಒಣಗಿಸುವುದೂ ಹೊತ್ತಿಗೆ ಮುಂಚೆ ಮುಗಿದವು. ಬಾಚಣಿಗೆ ಒಮ್ಮೆಯೂ ಬಾಯಿಗೆ ಹೋಗಲಿಲ್ಲ.

ಪರ್ಮ್ ಶುರುವಾಯಿತು. ನೆತ್ತಿಯ ಸಾಲು, ಎರಡೂ ಪಕ್ಕ, ಎಡ ಹೆಡತಲೆ. ಇಪ್ಪತ್ತೇಳನೇ ನಿಮಿಷಕ್ಕೆ ಅವಳು ಬಲ ಹೆಡತಲೆಗೆ ಬಂದಳು. ಮೂರನೇ ಸಾಲಿನಲ್ಲಿ ರಬ್ಬರ್ ಜಾರಿ ಕಡ್ಡಿ ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು. ಮತ್ತೆ ಜಾರಿತು. ಹೊಸ ಕೂದಲು ತಂತಿಯಂತಿತ್ತು. ಹೆಬ್ಬೆರಳು ಮಡಿಸಲಾಗುತ್ತಿರಲಿಲ್ಲ. ಪಕ್ಕದ ಹುಡುಗಿ ಕೊನೆಯ ಕಡ್ಡಿ ಬಿಗಿದು ಕೈ ಕಟ್ಟಿ ನಿಂತಳು.

ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು, ಕೈಯಲ್ಲಿ ಐದು ಕಡ್ಡಿ.

ಚುನ್‌ಹೀ ಪಾದ ತಿರುಗಿಸಿ ಗೊಂಬೆಯ ಇನ್ನೊಂದು ಪಕ್ಕಕ್ಕೆ ನಿಂತಳು. ಬಾಚಣಿಗೆ ಬಲಗೈಗೆ ಬಂತು, ಕಡ್ಡಿ ಎಡಗೈಗೆ. ಮದುವೆಯಾದ ಹೊಸತರಲ್ಲಿ ಯಾವುದೋ ಹಳ್ಳಿಯ ಜಗಲಿಯ ಮೇಲೆ, ಹಿಂದಿನಿಂದ ಬಳಸಿದ ಅತ್ತೆಯ ಎರಡು ಕೈಗಳ ನಡುವೆ ನಿಂತು ಕಲಿತದ್ದು. ಎಡ ಹೆಬ್ಬೆರಳು ಅದನ್ನು ಮರೆತಿರಲಿಲ್ಲ. ಒಂದು. ಎರಡು. ಸಾಲು ಕೂದಲೆಳೆಯಷ್ಟು ಓರೆಯಾಯಿತು. ನೋಡಿಯೂ ಬಿಟ್ಟಳು. ಮೂರು. ನಾಲ್ಕು. ಐದನೆಯದರ ರಬ್ಬರ್ ಕೂರುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಯಾಯಿತು.

*

ಫಲಿತಾಂಶ ಬಂದದ್ದು ನವೆಂಬರ್ ಇಪ್ಪತ್ತೆಂಟಕ್ಕೆ. ಅಂದು ಮನೆಯಲ್ಲಿ ಚಳಿಗಾಲದ ಕಿಮ್ಚಿಯ ಕೆಲಸ. ಚುನ್‌ಹೀಯ ಕೈ ಮೊಣಕೈವರೆಗೂ ಮೆಣಸಿನ ಪುಡಿಯಲ್ಲಿ ಕೆಂಪಾಗಿತ್ತು. ದಾಸೊಮ್ ಫೋನನ್ನು ಅವಳ ಕಣ್ಣೆದುರು ಹಿಡಿದಳು.

"ಅರವತ್ತೆರಡು," ಎಂದು ಓದಿದಳು ಚುನ್‌ಹೀ. ಮತ್ತೊಮ್ಮೆ ಓದಿದಳು. ಆಮೇಲೆ ಕೈಯಲ್ಲಿದ್ದ ಎಲೆಕೋಸನ್ನು ಜಾಡಿಗೆ ಒತ್ತಿದಳು. ಅದನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ.

"ಅರವತ್ತು ಸಾಕಿತ್ತು. ಎರಡು ದಂಡ," ಎಂದ ಕಿಹ್ವಾನ್. ಅಂದು ಬೆಳಗಿನಿಂದ ಅವನು ಮಗಳ ಜೊತೆ ಆಡಿದ ಮೊದಲ ಮಾತು ಬಂದದ್ದು ಆಮೇಲೆ: "ಒಂದನೇ ತಾರೀಕು ಬಸ್ಸು ಯಾಕೆ? ನಾನೇ ಬಿಟ್ಟು ಬರ್ತೀನಿ."

ಲೈಸೆನ್ಸಿಗೆ ಫೋಟೊ ಬೇಕಿತ್ತು. ಮರುದಿನ ಬೆಳಿಗ್ಗೆ ದಾಸೊಮ್ ಅಮ್ಮನನ್ನು ಕನ್ನಡಿಯ ಮುಂದೆ ಕೂರಿಸಿ ಬಟ್ಟೆ ಹೊದಿಸಿದಳು. ಕತ್ತರಿಯ ಚರ್ಮದ ಚೀಲ ಬಿಚ್ಚಿದಳು. ಅದನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಒಳಬಾಗಿಲಿಗೆ ಹೋಗಿ ಕತ್ತರಿಯ ಹಿಡಿ ಮುಂದೆ ಮಾಡಿ ಚಾಚಿದಳು.

"ಅಜ್ಜಿ, ನೀನೇ ಕತ್ತರಿಸು."

ಮಾಲ್‌ಸೂನ್ ಕತ್ತರಿ ಇಸಕೊಂಡು ಎರಡು ಸಲ ಆಡಿಸಿ ವಾಪಸ್ ಕೊಟ್ಟಳು. "ಬಲಗೈಯವರ ಕತ್ತರಿ ಇದು, ನಂಗೆ ಕೂರಲ್ಲ. ನನ್ನ ಹಳೇ ಗಂಟಿನೊಳಗೆ ನಂದಿದೆ, ತಗೊಂಡ್ ಬಾ. ಓರೆ ಆದ್ರೆ ಬೈಬೇಡ ಮತ್ತೆ."

"ಬೈತೀನಿ."

"ಬೈಯಿ."

ತಲೆಗೆ ನೀರು ಬಿಡುವಾಗ ಮಾಲ್‌ಸೂನ್, "ಬಿಸಿ ಜಾಸ್ತಿ ಆಯ್ತೇನೇ?" ಎಂದು ಕೇಳಿದಳು. ಚುನ್‌ಹೀ ಕಣ್ಣು ಮುಚ್ಚಿಕೊಂಡೇ ಇಲ್ಲವೆಂದು ತಲೆಯಾಡಿಸಿದಳು. ಹಳೆಯ ಕತ್ತರಿ ಕಿವಿಯ ಪಕ್ಕ ಬೇಗ ಬೇಗ ಆಡಿತು. ಹಣೆಯ ಮೇಲೆ ಎರಡೇ ಸಲ ಸದ್ದು ಮಾಡಿತು. ಹೆಡತಲೆಗೆ ಹೋಗಿದ್ದು ಮಾತ್ರ ಮತ್ತೆ ಈಚೆ ಬರಲಿಲ್ಲ. ಮಾಲ್‌ಸೂನ್ ಒಂದೊಂದು ಪದರ ಎತ್ತಿ, ಬೆರಳಲ್ಲಿ ತೂಗಿ, ಹಗುರ ಮಾಡುತ್ತಲೇ ಇದ್ದಳು.

ಹೊರಗೆ ಟ್ಯಾಕ್ಸಿಯ ಹಾರ್ನ್ ಎರಡು ಸಲ ಕೂಗಿತು. ದಾಸೊಮ್ ಗಡಿಯಾರ ನೋಡಿದಳು. "ಅಜ್ಜಿ, ಸ್ಟುಡಿಯೊ ಮಧ್ಯಾಹ್ನಕ್ಕೇ ಮುಚ್ಚಿಬಿಡುತ್ತೆ. ಫೋಟೊದಲ್ಲಿ ಹೆಡತಲೆ ಕಾಣಲ್ಲ."

"ಕಾಣದಿದ್ರೇನು," ಎಂದಳು ಮಾಲ್‌ಸೂನ್, ಕತ್ತರಿ ನಿಲ್ಲಿಸದೆ. "ಇರುತ್ತಲ್ಲ."